ಮಕ್ಕಳೆಷ್ಟು ಎಂದು ಕೇಳುವ ಮೊದಲು

ಬಸವನಗುಡಿಯ ಓದುಗರೊಬ್ಬರ ಪತ್ರದ ಸಾರ: ‘ಅಕ್ಕನಿಗೆ 58 ವರ್ಷ, ಮಕ್ಕಳಿಲ್ಲ. ಗರ್ಭಕೋಶದ ಕ್ಯಾನ್ಸರ್ ಎಂದು ಆಪರೇಷನ್ ಆಗಿ ಮೂರು ವಾರವಾಯಿತು. ಈ ರೋಗದಲ್ಲಿ ಹೆತ್ತವರಷ್ಟು ಕಾಲ ಹೆರದವರು ಬದುಕುವುದಿಲ್ಲ ಎಂದು ಓದಿದೆ. ನೆಂಟರೂ ಅದನ್ನೇ ಆಡಿಕೊಳ್ಳುತ್ತಿದ್ದಾರೆ. ನಿಜವೇ? ನನಗೆ ಎರಡು ಹೆರಿಗೆಯಾಗಿದೆ. ನಾನು ನಿಶ್ಚಿಂತೆಯಿಂದ ಇರಬಹುದೇ?’

ಸೋದರಿ, ನಿಮ್ಮ ಎರಡು ಪುಟದ ಪತ್ರದಲ್ಲಿ ‘ಮಕ್ಕಳಿಲ್ಲ’ ಎಂಬ ಮಾತು ಐದು ಸಲ ಬಂದಿದೆ. ಗಡ್ಡೆಯ ಗ್ರೇಡ್ (ಜೀವಕೋಶಗಳು ಎಷ್ಟು ಕೆಟ್ಟಿವೆ ಎಂಬ ಅಂಕ) ಎಷ್ಟು ಎಂಬುದು ಒಮ್ಮೆಯೂ ಇಲ್ಲ. ನಿಮ್ಮನ್ನೊಬ್ಬರನ್ನೇ ದೂರುವುದಿಲ್ಲ, ಊರೆಲ್ಲ ಎಣಿಸುವುದೇ ಹೀಗೆ.

ನೀವು ಓದಿದ್ದು ಪೂರ್ತಿ ಸುಳ್ಳೇನಲ್ಲ. ಹೆರದವರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು, ಹೆರಿಗೆ ಹೆಚ್ಚಿದಂತೆ ಅದು ತಗ್ಗುತ್ತದೆ. ಈಸ್ಟ್ರೋಜನ್ ಹಾರ್ಮೋನು ಆ ಪದರವನ್ನು ಬೆಳೆಸುತ್ತದೆ, ಪ್ರೊಜೆಸ್ಟೆರಾನ್ ಅದಕ್ಕೆ ಮೂಗುದಾರ. ಬಸಿರಿನ ತಿಂಗಳುಗಳಲ್ಲಿ ಪ್ರೊಜೆಸ್ಟೆರಾನಿನದೇ ದರ್ಬಾರು. ಆದರೆ ರೋಗ ಬರುವುದು ಒಂದು ಮಾತು, ಬಂದ ಮೇಲೆ ಬದುಕುವುದು ಇನ್ನೊಂದು. ಕೆಲವು ಅಧ್ಯಯನಗಳಲ್ಲಿ ಹೆತ್ತವರು ಹೆಚ್ಚು ಕಾಲ ಬದುಕಿದ್ದು ಕಂಡಿದೆ. ಹಂತ, ಗ್ರೇಡ್, ವಯಸ್ಸು, ತೂಕಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆ ಆ ಅಂತರ ಕರಗಿಹೋದ ಅಧ್ಯಯನಗಳೂ ಇವೆ. ಪಿಸಿಓಎಸ್ (ಅಂಡಾಶಯದ ಹಾರ್ಮೋನು ಏರುಪೇರಿನ ತೊಂದರೆ) ಇದ್ದು ಮುಟ್ಟು ಏರುಪೇರಾದವರಿಗೆ ಬಸಿರು ನಿಲ್ಲುವುದೂ ಕಷ್ಟ, ಒಳಪದರ ಕೆಡುವುದೂ ಸುಲಭ. ಅಲ್ಲಿ ತಪ್ಪು ಹೆರದವಳದೋ, ಹೆರಲು ಬಿಡದ ಹಾರ್ಮೋನಿನದೋ?

ಈ ಎಣಿಕೆಯ ಚಟ ಹಳೆಯದು. 1842ರಲ್ಲಿ ಇಟಲಿಯ ರಿಗೋನಿ-ಸ್ಟರ್ನ್ ಎಂಬ ವೈದ್ಯ ವೆರೋನಾದ ಸಾವಿನ ದಾಖಲೆಗಳನ್ನು ಕೂಡಿಸಿ, ಕ್ರೈಸ್ತ ಸನ್ಯಾಸಿನಿಯರಲ್ಲಿ ಸ್ತನದ ಕ್ಯಾನ್ಸರ್ ಹೆಚ್ಚು, ಗರ್ಭಕೋಶದ್ದು ಕಡಿಮೆ ಎಂದು ಬರೆದ. ಅವನು ಗರ್ಭಕೋಶದ್ದು ಎಂದದ್ದರಲ್ಲಿ ಬಹುಪಾಲು ಗರ್ಭಕೊರಳಿನದು, ಅಂದರೆ ಗರ್ಭಕೋಶದ ಬಾಯಿಯದು ಎಂದು ಆಮೇಲಿನವರು ತಿಳಿದರು. ಬೆಂಗಳೂರಿನ ಆಸ್ಪತ್ರೆಗಳ ಬೆಂಚಿನ ಮೇಲೆ ಇವತ್ತಿಗೂ ಎರಡಕ್ಕೂ ಒಂದೇ ಹೆಸರು. ಕೊರಳಿನದಕ್ಕೆ ಮೂಲ ಎಚ್‌ಪಿವಿ ವೈರಸ್, ಹೆರಿಗೆ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಒಡಲಿನದು, ಅಂದರೆ ನಿಮ್ಮ ಅಕ್ಕನಿಗೆ ಬಂದ ಒಳಪದರದ್ದು, ಅದಕ್ಕೆ ತದ್ವಿರುದ್ಧ. ಹೆತ್ತವಳಿಗೂ ಒಂದು ಮಾತು, ಹೆರದವಳಿಗೂ ಒಂದು ಮಾತು ಕಾದಿದೆ ಎಂದು ನೆಂಟರಿಗೆ ತಿಳಿಸಿ.

ಈಗ ಫೈಲು ಬಿಚ್ಚಿ. ಸ್ಕ್ಯಾನಿಂಗ್ ಹಾಳೆ ಬೇಡ. ಆಪರೇಷನ್ ಆದ ಮೇಲೆ ಬಂದ ಹಿಸ್ಟೋಪೆಥಾಲಜಿ ರಿಪೋರ್ಟು, ಅಂದರೆ ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದದ್ದು, ಬೇಕು. ಮೊದಲು ಜೀವಕೋಶದ ಬಗೆ: ಎಂಡೋಮೆಟ್ರಿಯಾಯ್ಡ್ ಎಂದಿದ್ದರೆ ಸಾಮಾನ್ಯ ಬಗೆ, ಸೀರಸ್ ಎಂದಿದ್ದರೆ ಬೇಗ ಹಬ್ಬುವ ಒರಟು ಬಗೆ. ಗ್ರೇಡ್ 1, 2, 3 ಯಾವುದು? ಗೋಡೆಯೊಳಗೆ ಎಷ್ಟು ಇಳಿದಿದೆ? 16 ಮಿ.ಮೀ. ಗೋಡೆಯಲ್ಲಿ 5 ಮಿ.ಮೀ. ಎಂದಿದ್ದರೆ ಅರ್ಧಕ್ಕಿಂತ ಕಡಿಮೆ. ಅರ್ಧ ಮುಟ್ಟಿದರೆ ಚಿಕಿತ್ಸೆಯ ದಾರಿ ಬದಲಾಗಬಹುದು. ಎಲ್‌ವಿಎಸ್‌ಐ ಎಂಬ ಸಾಲು, ಅಂದರೆ ಸಣ್ಣ ರಕ್ತನಾಳ-ದುಗ್ಧನಾಳಗಳಿಗೆ ನುಗ್ಗಿದೆಯೇ ಎಂಬುದು, ಮತ್ತು ದುಗ್ಧಗ್ರಂಥಿಗಳ ಫಲಿತಾಂಶ. ಕೊನೆಯಲ್ಲಿ ಪಿ53 ಮತ್ತು ಎಂಎಂಆರ್, ಅಂದರೆ ಗಡ್ಡೆಯ ಜೀನು ಕೆಟ್ಟಿರುವ ಬಗೆ ತೋರಿಸುವ ಪ್ರೋಟೀನು ಪರೀಕ್ಷೆಗಳು. ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೋದ 2023ರ ಹಂತ ನಿರ್ಣಯದಲ್ಲಿ ಇಂಥ ಅಣುಮಟ್ಟದ ಗುರುತುಗಳಿಗೂ ಜಾಗವಿದೆ. ಮಕ್ಕಳ ಸಂಖ್ಯೆಗೆ ಅಲ್ಲಿ ಜಾಗವಿಲ್ಲ. ರೋಗ ಗರ್ಭಕೋಶದಲ್ಲೇ ಇದ್ದಾಗ ಸಿಕ್ಕರೆ ಐದು ವರ್ಷ ದಾಟುವವರು ಅಮೆರಿಕದ ದಾಖಲೆಗಳಲ್ಲಿ 100ಕ್ಕೆ ಸುಮಾರು 95. ದೂರದ ಅಂಗಗಳಿಗೆ ಹಬ್ಬಿದ್ದರೆ 20ರ ಆಸುಪಾಸು. ಅಂತರ ಇರುವುದು ಇಲ್ಲಿ.

ನಿಮ್ಮ ಎರಡು ಹೆರಿಗೆಯ ವಿಷಯ. ಎಂಎಂಆರ್ ಪರೀಕ್ಷೆಯಲ್ಲಿ ನಾಲ್ಕು ಪ್ರೋಟೀನುಗಳನ್ನು ನೋಡುತ್ತಾರೆ: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಎಂಎಲ್‌ಎಚ್1 ಕಾಣೆಯಾಗಿದ್ದರೆ ಮೊದಲು ಮಿಥೈಲೇಷನ್ ಪರೀಕ್ಷೆ, ಅಂದರೆ ಆ ಜೀನು ಗಡ್ಡೆಯಲ್ಲಷ್ಟೇ ಮುಚ್ಚಿಹೋಗಿದೆಯೇ ಎಂದು ನೋಡುವುದು. ಹೆಚ್ಚಿನ ಪಾಲು ಅಲ್ಲೇ ಮುಗಿಯುತ್ತದೆ, ವಂಶದ ಪ್ರಶ್ನೆ ಏಳುವುದಿಲ್ಲ. ಎಂಎಸ್‌ಎಚ್2 ಅಥವಾ ಎಂಎಸ್‌ಎಚ್6 ಇಲ್ಲದಿದ್ದರೆ ಲಿಂಚ್ ಸಿಂಡ್ರೋಮ್, ಅಂದರೆ ಗರ್ಭಕೋಶ, ದೊಡ್ಡ ಕರುಳುಗಳ ಕ್ಯಾನ್ಸರಿಗೆ ದಾರಿಮಾಡುವ ವಂಶದ ದೋಷದ ಶಂಕೆ ಬಲವಾಗುತ್ತದೆ. ಆಗ ಮೊದಲು ಅಕ್ಕನಿಗೆ ರಕ್ತಪರೀಕ್ಷೆ, ಅಲ್ಲಿ ದೋಷ ಸಿಕ್ಕರೆ ಒಡಹುಟ್ಟಿದ ನಿಮಗೂ ಬೇಕು. ದೋಷ ನಿಮ್ಮಲ್ಲೂ ಇದ್ದರೆ ದೊಡ್ಡ ಕರುಳಿಗೆ ಕೊಲೊನೋಸ್ಕೋಪಿಯೂ ಬೇಕು. ಎರಡು ಹೆರಿಗೆ ಅದಕ್ಕೆ ತಾಯಿತವಲ್ಲ. ಎಂಎಂಆರ್ ಪರೀಕ್ಷೆ ಆಗಿಲ್ಲದಿದ್ದರೆ ತಡವೇನೂ ಆಗಿಲ್ಲ: ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಪ್ಯಾರಾಫಿನ್ ಬ್ಲಾಕ್ ಲ್ಯಾಬಿನಲ್ಲಿ ಇರುತ್ತದೆ, ಅದರ ನಂಬರು ಬರೆದಿಟ್ಟುಕೊಳ್ಳಿ.

ಪತ್ರದ ಕೊನೆಗೆ, ಆವರಣದೊಳಗೆ, ‘ಎಂಟು ತಿಂಗಳಿಂದ ಆಗಾಗ ಕಲೆ ಕಾಣುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ’ ಎಂದಿದ್ದೀರಿ. ಅದು ಮೊದಲ ಸಾಲಾಗಬೇಕಿತ್ತು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ಯೋನಿಮಾರ್ಗದ ಸ್ಕ್ಯಾನಿಂಗ್ ಆಗಬೇಕು. ಒಳಪದರ 4 ಮಿ.ಮೀ. ಮೀರಿದ್ದರೆ ಬಯಾಪ್ಸಿ, ಅಷ್ಟು ಇಲ್ಲದಿದ್ದರೂ ರಕ್ತ ಮತ್ತೆ ಮತ್ತೆ ಕಂಡರೆ ಆಗಲೂ ಬಯಾಪ್ಸಿಯೇ. ಸುಮಾರು 3 ಮಿ.ಮೀ. ದಪ್ಪದ ಪ್ಲಾಸ್ಟಿಕ್ ನಳಿಗೆ ಒಳಗಿಟ್ಟು ಚೂರು ಹೀರುತ್ತಾರೆ. ಕೆಲವು ನಿಮಿಷದ ಕೆಲಸ, ಮುಟ್ಟಿನ ನೋವಿನಂಥ ಹಿಡಿತ. ಆ ಚೂರು ಫಾರ್ಮಲಿನ್‌ಗೆ ಬೀಳಬೇಕು. ಸಲೈನಿನಲ್ಲಿ ಬಿಟ್ಟು ಮರೆತರೆ ಕೊಳೆತು ರಿಪೋರ್ಟೇ ಕೆಡುತ್ತದೆ. ‘ಸ್ಯಾಂಪಲ್ ಸಾಲದು’ ಎಂದು ಬಂದದ್ದನ್ನು ‘ಏನೂ ಇಲ್ಲ’ ಎಂದು ಓದಿಕೊಂಡು ಮನೆಗೆ ಹೋಗುವವರೂ ಇದ್ದಾರೆ. ಸಾಲದು ಎಂದರೆ ಮತ್ತೆ ತೆಗೆಯಬೇಕು, ಹಿಸ್ಟೆರೋಸ್ಕೋಪಿಯಲ್ಲಿ, ಅಂದರೆ ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಇಳಿಸಿ, ಕಣ್ಣಿಟ್ಟು ನೋಡಬೇಕು. ಪ್ಯಾಪ್ ಸ್ಮಿಯರ್ ಚೆನ್ನಾಗಿದೆ ಎಂಬುದು ಕೊರಳಿನ ಮಾತು, ಒಡಲಿಗೆ ಅದು ಭರವಸೆ ಕೊಡದು.

ಎಂಟು ತಿಂಗಳು ಅವರೇಕೆ ಸುಮ್ಮನಿದ್ದರು? ಸೀಮಂತದಲ್ಲಿ ಮಡಿಲು ತುಂಬಲು ಕರೆಯದೆ ಮೂಲೆಗೆ ಕೂರಿಸಿದವರ ನಡುವೆ, ಬಟ್ಟೆಯಲ್ಲಿ ಕಂಡ ಕಲೆಯನ್ನು ಯಾರ ಮುಂದೆ ಹೇಳುತ್ತಾರೆ? ಆಸ್ಪತ್ರೆಗೆ ಬಂದರೆ ಅಲ್ಲೂ ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ ‘ಮಕ್ಕಳೆಷ್ಟು?’ ಎನ್ನುತ್ತಾರೆ. ಪ್ರಶ್ನೆ ತಪ್ಪಲ್ಲ, ಬಾಗಿಲು ಮುಚ್ಚಿ, ‘ರಕ್ತ ಯಾವಾಗಿನಿಂದ?’ ಎಂದಾದ ಮೇಲೆ ಕೇಳಲಿ. ಮದುವೆಯಾಗದವರಿಗೆ ಒಳಪರೀಕ್ಷೆ ಬೇಡವೆಂದು ಮನೆಯವರೇ ತಡೆಯುವುದು ಇನ್ನೊಂದು ಪೀಡೆ, ಅದಕ್ಕೆ ಬೇರೆಯೇ ಸಂಚಿಕೆ ಬೇಕು.

ಅಕ್ಕನಿಗೆ ಮೊದಲೆರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ. ನಡುವೆ ಮತ್ತೆ ರಕ್ತ ಕಂಡರೆ ಆ ತಾರೀಖಿಗೆ ಕಾಯಬೇಡಿ. ಮೊದಲ ಹಂತದಲ್ಲೇ ಸಿಕ್ಕು ಗುಣವಾದವರನ್ನು ಮುಂದೆ ಹೆಚ್ಚಾಗಿ ಕಾಡುವುದು ಹೃದಯದ ಕಾಯಿಲೆ. ಹಾಗಾಗಿ ಬಿಪಿ, ಸಕ್ಕರೆ, ತೂಕ ಮೂರನ್ನೂ ಅದೇ ಫೈಲಿನಲ್ಲಿ ಬರೆದಿಡಿ. ಡಾಕ್ಟರು ಒಪ್ಪಿದ ದಿನದಿಂದ ಬೆಳಗ್ಗೆ ಲಾಲ್‌ಬಾಗಿಗೆ ನೀವೂ ಜೊತೆಗೆ ಹೋಗಿ.

– ಸಂ.