ಬಾಯಿಪಾಠವಿರುವ ಕೀರ್ತನೆಯನ್ನು ಮತ್ತೆ ಓದಬೇಕೇ?

ಸತ್ಯವೇದವನ್ನು, ಅಂದರೆ ಬೈಬಲನ್ನು, ಎರಡು ಬಾರಿ ಪೂರ್ತಿ ಓದಿದ್ದೇನೆ, ಗೊತ್ತಿರುವ ಭಾಗಗಳನ್ನು ಬಿಟ್ಟು ಮುಂದೆ ಹೋಗಬಹುದೇ ಎಂದು ಕೇಳಿದ್ದೀರಿ. ನಾನು ಯಾರನ್ನೂ ಕೇಳದೆ ಹಾಗೆಯೇ ಬಿಟ್ಟಿದ್ದೆ.

ಆಗ ನನ್ನ ಬಳಿ ವರ್ಷಕ್ಕೊಮ್ಮೆ ಸತ್ಯವೇದ ಮುಗಿಸುವ ಪಟ್ಟಿಯಿತ್ತು. ಒಟ್ಟು 1,189 ಅಧ್ಯಾಯಗಳು, ದಿನಕ್ಕೆ ಮೂರೋ ನಾಲ್ಕೋ. ದೇವರನ್ನು ಕುರುಬನೆಂದು ಹಾಡುವ 23ನೆಯ ಕೀರ್ತನೆಯೋ, ತಪ್ಪಿಹೋದ ಮಗನ ಕಥೆಯಿರುವ ಲೂಕನ ಸುವಾರ್ತೆಯ 15ನೆಯ ಅಧ್ಯಾಯವೋ ಬಂದ ದಿನ, ಸಂಡೆ ಸ್ಕೂಲಿನಲ್ಲೇ ಕಲಿತದ್ದಲ್ಲವೇ ಎಂದುಕೊಂಡು ಓದದೆಯೇ ಗುರುತು ಹಾಕುತ್ತಿದ್ದೆ.

ಅಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದವರು. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ, ಕಣ್ಣು ಮಂಜಾಗಿದ್ದರಿಂದ, "ಇಪ್ಪತ್ಮೂರನೇ ಕೀರ್ತನೆ ಓದಪ್ಪಾ" ಎಂದರು. ಪುಸ್ತಕ ದಿಂಬಿನ ಪಕ್ಕದಲ್ಲೇ ಇತ್ತು. ನಾನು ಅದನ್ನು ತೆರೆಯದೆ ಆರೂ ವಚನಗಳನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. "ಪುಸ್ತಕ ತೆಗೆದು ನಿಧಾನವಾಗಿ ಓದು" ಎಂದರು. "ನಂಗೆ ಬಾಯಿಗೇ ಬರುತ್ತಲ್ಲಪ್ಪಾ" ಎಂದು ಔಷಧಿ ಚೀಟಿ ಹಿಡಿದು ಹೊರಗೆ ಹೋದೆ. ಅವರು ಮತ್ತೆ ಕೇಳಲಿಲ್ಲ. ಮೂರನೆಯ ದಿನ ತೀರಿಕೊಂಡರು.

ನನ್ನ ತಪ್ಪು ಅವಸರವಷ್ಟೇ ಆಗಿರಲಿಲ್ಲ. ನಾಲಿಗೆಗೆ ಬರುವುದನ್ನೆಲ್ಲ ತಿಳಿದದ್ದೆಂದು ನಂಬಿದ್ದು ಅದಕ್ಕಿಂತ ದೊಡ್ಡದು. ವರ್ಷಗಟ್ಟಲೆ ಕಣ್ಣು ಆ ಅಕ್ಷರಗಳ ಮೇಲೆ ಇಳಿದೇ ಇರಲಿಲ್ಲವಾದ್ದರಿಂದ, ಹತ್ತನೆಯ ವಯಸ್ಸಿನಲ್ಲಿ ನನಗೆ ಎಷ್ಟು ದಕ್ಕಿತ್ತೋ ಅಷ್ಟೇ ಆ ಕೀರ್ತನೆ ನನ್ನಲ್ಲಿ ಉಳಿದಿತ್ತು. ಸಾಯುತ್ತಿರುವ ಮನುಷ್ಯನಿಗೆ ಅದರಿಂದ ತೆಗೆದು ಕೊಡುವಂಥದ್ದು ನನ್ನ ಬಳಿ ಏನೂ ಇರಲಿಲ್ಲ. ಪಟ್ಟಿಯಲ್ಲಿ ಮಾತ್ರ ಎಲ್ಲ ಮನೆಗಳೂ ತುಂಬಿದ್ದವು.

ಮಣ್ಣು ಮಾಡಿ ಬಂದ ಮೇಲೆ ಅವರ ಪುಸ್ತಕ ತೆರೆದೆ. ನಾಲ್ಕನೆಯ ವಚನದ "ನೀನು" ಎಂಬ ಒಂದೇ ಪದದ ಕೆಳಗೆ ಪೆನ್ಸಿಲ್ ಗೆರೆಯಿತ್ತು. ಮೊದಲ ಮೂರು ವಚನಗಳಲ್ಲಿ ಕೀರ್ತನೆ ಹಾಡುವ ದಾವೀದನು ದೇವರನ್ನು "ಆತನು" ಎನ್ನುತ್ತಾನೆ. ಹಸುರುಗಾವಲಿನಲ್ಲಿ ತಂಗಿಸುವವನು ಆತನು. ಕಾರ್ಗತ್ತಲಿನ ಕಣಿವೆಗೆ ಇಳಿದ ಕೂಡಲೇ ಮಾತು ತಿರುಗಿ, "ನೀನು ಹತ್ತಿರವಿರುತ್ತೀ" ಎನ್ನುತ್ತಾನೆ. ದೇವರ ವಿಷಯವಾಗಿ ಆಡುತ್ತಿದ್ದ ಮಾತು ಕತ್ತಲಲ್ಲಿ ದೇವರೊಂದಿಗೇ ಆಡುವ ಮಾತಾಯಿತು. ನೂರಾರು ಸಲ ಒಪ್ಪಿಸಿದ್ದರೂ ನಾನು ಅದನ್ನು ಕಂಡಿರಲಿಲ್ಲ. ಅಪ್ಪ ಅದನ್ನೇ ಕೇಳಬೇಕೆಂದಿದ್ದರೇನೋ. (ಚಳ್ಳಕೆರೆ ಕಡೆಯ ಕುರಿಗಾಹಿಗಳು ಕೊಯ್ಲಾದ ಹೊಲದಲ್ಲಿ ಮಂದೆ ನಿಲ್ಲಿಸಿ, ಕಂಬಳಿ ಹೊದ್ದು ರಾತ್ರಿಯೆಲ್ಲ ಅಲ್ಲೇ ಇರುವುದನ್ನು ಚಿತ್ರದುರ್ಗಕ್ಕೆ ಬಂದ ಮೇಲೆ ನೋಡಿದ್ದೇನೆ. ಅದೇ ವಚನ ಹೇಳುವಂತೆ ಕುರುಬನ ದೊಣ್ಣೆಯೂ ಕೋಲೂ ಧೈರ್ಯ ಕೊಡುವುದು ಹೇಗೆಂದು ಆಗ ತಿಳಿಯಿತು.)

ಹೀಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. "ಗೊತ್ತಿರುವ ಭಾಗ" ಎಂದು ನೀವು ಕರೆಯುವುದು ಹಿಂದೊಮ್ಮೆ ಓದಿದ ನೆನಪು, ಅಷ್ಟೇ. ಇಸ್ರಾಯೇಲಿನ ಅರಸನು ಧರ್ಮಶಾಸ್ತ್ರವನ್ನು ನಕಲು ಮಾಡಿಸಿಕೊಂಡು ಜೀವಮಾನವೆಲ್ಲ ಓದುತ್ತಿರಬೇಕೆಂದು ಸತ್ಯವೇದದ ಧರ್ಮೋಪದೇಶಕಾಂಡದ 17ನೆಯ ಅಧ್ಯಾಯ ಹೇಳುತ್ತದೆ. ಒಮ್ಮೆ ಓದಿ ಮುಗಿಸಲಿ ಎನ್ನುವುದಿಲ್ಲ. ಯೇಸುವಿನ ಶಿಷ್ಯನಾದ ಪೇತ್ರನು ತನ್ನ ಎರಡನೆಯ ಪತ್ರದಲ್ಲಿ, ನಿಮಗೆ ಇವು ತಿಳಿದಿದ್ದರೂ ಯಾವಾಗಲೂ ಜ್ಞಾಪಕಪಡಿಸುತ್ತೇನೆ ಎಂದು ಬರೆಯುತ್ತಾನೆ. ತಿಳಿದವರಿಗೇ ಬರೆದ ಮಾತು ಅದು.

ವ್ಯಾಖ್ಯಾನಗಳು ಆಮೇಲೆ ಇರಲಿ. ನಿಮಗೆ ಅತಿ ಸವೆದುಹೋಗಿದೆ ಎನಿಸುವ ಒಂದು ಅಧ್ಯಾಯವನ್ನು ಒಂದು ತಿಂಗಳು, ಪ್ರತಿದಿನ, ಪುಸ್ತಕ ತೆರೆದು, ನಿಮ್ಮ ಕಿವಿಗೆ ಕೇಳುವಂತೆ ಓದಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಕುಳಿತು ಓದಿ. ಗುರುತು ಹಾಕುವ ಪಟ್ಟಿಯನ್ನು ಮಾತ್ರ ಹತ್ತಿರ ಇಟ್ಟುಕೊಳ್ಳಬೇಡಿ.