ಗಾಡಿ ಮಾತು: ಲೈಟ್ ಹತ್ತಿತು ಅಂತ ಸೆನ್ಸರ್ ಬಿಚ್ಚಬೇಡಿ

ಪ್ರಶ್ನೆ: ನನ್ನದು 2016ರ ಪೆಟ್ರೋಲ್ ಕಾರು. ವಾರಕ್ಕೆ ಎರಡು ಸಲ ಗದಗದಿಂದ ಹುಬ್ಬಳ್ಳಿಗೆ ಹೋಗಿ ಬರುತ್ತೇನೆ. ಹೋದ ತಿಂಗಳು ಏರ್ ಫಿಲ್ಟರ್ ತುಂಬ ಧೂಳಾಗಿದೆ ಅಂತ ಬದಲಿಸಿದೆ. ಐದಾರು ದಿನಕ್ಕೆ ಎಂಜಿನ್ ಲೈಟ್ ಹತ್ತಿತು. ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ಸ್ವಲ್ಪ ನಡುಗುತ್ತದೆ, ಹೈವೇಯಲ್ಲಿ ಏನೂ ಇಲ್ಲ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿ ಪಿ0171 ಅಂತ ಬರೆದುಕೊಟ್ಟರು, ಆಕ್ಸಿಜನ್ ಸೆನ್ಸರ್ ಹೋಗಿದೆ ಅಂದರು. 6,500 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ನಾಲ್ಕೇ ದಿನಕ್ಕೆ ಅದೇ ಲೈಟ್, ಅದೇ ನಂಬರು. ಈಗ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಬೇಕು, 38 ಸಾವಿರ ಆಗುತ್ತದೆ ಅನ್ನುತ್ತಿದ್ದಾರೆ. ಹಾಕಿಸಲಾ?
– ಗದಗದ ಓದುಗರು

ಉತ್ತರ: ಬೇಡ, ಸದ್ಯಕ್ಕೆ ಏನನ್ನೂ ಹಾಕಿಸಬೇಡಿ. ಪಿ0171 ಅಂದರೆ ಸೆನ್ಸರ್ ಹೋಗಿದೆ ಅಂತಲ್ಲ. ಎಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗುತ್ತಿದೆ ಅಂತ ಅರ್ಥ. ಅದನ್ನು ಹೇಳಿದ್ದೇ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆ ಆಕ್ಸಿಜನ್ ಸೆನ್ಸರು. ಚಾಡಿ ಹೇಳಿದವನನ್ನೇ ಹಿಡಿದು ಹೊರಗೆ ಹಾಕಿದ ಹಾಗಾಯಿತು, ಹೊಸಬ ಬಂದು ಅದೇ ಚಾಡಿ ಹೇಳುತ್ತಿದ್ದಾನೆ. ಇನ್ನು ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿ ಕೆಲಸ ಮಾಡದಿದ್ದರೆ ಬರುವ ಕೋಡೇ ಬೇರೆ, ಸಾಮಾನ್ಯವಾಗಿ ಪಿ0420. ನಿಮಗೆ ಅದು ಬಂದೇ ಇಲ್ಲ, ಅಲ್ವಾ?

ನಿಮ್ಮ ಪತ್ರದಲ್ಲೇ ಸುಳಿವಿದೆ. ಏರ್ ಫಿಲ್ಟರ್ ಬದಲಿಸಿದ ಮೇಲೆ ಲೈಟ್ ಬಂತು, ನಿಂತಾಗ ನಡುಕ, ಓಡುವಾಗ ಇಲ್ಲ. ಕೆಲವು ಗಾಡಿಗಳಲ್ಲಿ ಫಿಲ್ಟರ್ ಡಬ್ಬಿಯ ಪಕ್ಕದಲ್ಲೇ ಒಳಗೆ ಹೋಗುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರ್ ಇರುತ್ತದೆ. ಅದರ ಮುಂದೆ ಎಂಜಿನ್ ಕಡೆ ಹೋಗುವ ರಬ್ಬರ್ ಪೈಪಿನ ಕ್ಲಾಂಪ್ ಸಡಿಲ ಉಳಿದರೆ ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಆ ಪೈಪು ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುತ್ತದೆ. ಮೇಲಿನಿಂದ ನೋಡಿದರೆ ಚೆನ್ನಾಗೇ ಕಾಣುತ್ತದೆ. ಎಂಜಿನ್ ಆರಿದ ಮೇಲೆ ಕೈಯಲ್ಲಿ ಸ್ವಲ್ಪ ಎಳೆದು ಹಿಡಿದು, ಮೊಬೈಲ್ ಕ್ಯಾಮೆರಾವನ್ನು ಕೆಳಗಡೆಯಿಂದ ಹಿಡಿದು ನೋಡಿ. ಸೀಳು ಇದ್ದರೆ ಹೆಚ್ಚಾಗಿ ಆ ಮಡಿಕೆಯ ಸಂದಿಯಲ್ಲೇ ಬಾಯಿ ತೆರೆಯುತ್ತದೆ. ಪೆನ್ಸಿಲ್‌ನಷ್ಟು ಸಣ್ಣ ವ್ಯಾಕ್ಯೂಮ್ ಪೈಪುಗಳೂ ಇರುತ್ತವೆ, ಫಿಲ್ಟರ್ ಡಬ್ಬಿ ಎತ್ತುವಾಗ ಅವು ಕಳಚಿಕೊಳ್ಳುವುದು ಮಾಮೂಲು.

ಕಣ್ಣಿಗೆ ಕಾಣದಿದ್ದರೆ ಮತ್ತೆ ಸ್ಕ್ಯಾನರ್ ಹಚ್ಚಿಸಿ. ಕೋಡ್ ನಂಬರ್ ಓದಿ ಎದ್ದು ಬರಬೇಡಿ, ಫ್ಯುಯೆಲ್ ಟ್ರಿಮ್ ತೋರಿಸಿ ಅನ್ನಿ. ಎಂಜಿನ್ನಿನ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಜಾಸ್ತಿ ಅಥವಾ ಕಡಿಮೆ ಸುರಿಯುತ್ತಿದೆ ಅನ್ನುವುದೇ ಅದು. ಸೊನ್ನೆಯ ಆಚೆ ಈಚೆ ಐದಾರು ಪರ್ಸೆಂಟ್ ಇದ್ದರೆ ಚಿಂತೆ ಇಲ್ಲ, ಹತ್ತು ದಾಟಿದರೆ ಹುಡುಕಬೇಕು. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಒಮ್ಮೆ ನೋಡಿ, ಆಮೇಲೆ 2,500 ಆರ್‌ಪಿಎಂಗೆ ರೇಸ್ ಮಾಡಿ ಹಿಡಿದು ಮತ್ತೊಮ್ಮೆ ನೋಡಿ. ನಿಂತಾಗ +20 ಇದ್ದದ್ದು ರೇಸ್ ಮಾಡಿದಾಗ +4ಕ್ಕೆ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ ಅಂತ ಹೆಚ್ಚುಕಡಿಮೆ ಖಾತ್ರಿ. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಹಾಗಾಗಿ ಕಳ್ಳಗಾಳಿಯ ಪಾಲು ದೊಡ್ಡದಾಗಿ ಕಾಣುತ್ತದೆ. ರೇಸ್ ಮಾಡಿದಾಗ ಅದು ಮುಳುಗಿ ಹೋಗುತ್ತದೆ. ಇದಕ್ಕೆ ಉಲ್ಟಾ, ಲೋಡ್ ಬಿದ್ದ ಹಾಗೆ ನಂಬರ್ ಏರುತ್ತಾ ಹೋದರೆ ಪೆಟ್ರೋಲ್ ಪಂಪು, ಫಿಲ್ಟರು, ಇಲ್ಲವೇ ಕೊಳೆಯಾದ ಏರ್ ಫ್ಲೋ ಸೆನ್ಸರ್ ಕಡೆ ನೋಡಬೇಕು. ಸೋರಿಕೆ ಎಲ್ಲಿ ಅಂತ ಸಿಗದಿದ್ದರೆ ಹೊಗೆ ಬಿಟ್ಟು ಹುಡುಕುವ ಮಷಿನ್ ಇರುವ ಗ್ಯಾರೇಜಿಗೆ ಹೋಗಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ಪರೀಕ್ಷೆ ಮಾಡುವ ಶೂರರೂ ಇದ್ದಾರೆ, ಅಂಥವರ ಕೈಗೆ ಗಾಡಿ ಕೊಡಬೇಡಿ.

ಕೋಡ್‌ನಲ್ಲಿ ಸೆನ್ಸರ್ ಹೆಸರೇ ಇದ್ದರೂ ಅದೇ ಕೆಟ್ಟಿದೆ ಅನ್ನುವಂತಿಲ್ಲ. ಎರಡು ವರ್ಷದ ಹಿಂದೆ ನವನಗರದ ಮನೆ ಮುಂದೆ ನನ್ನ ಗಾಡಿ ಒಂದು ವಾರ ನಿಂತಿತ್ತು. ತೆಗೆದ ದಿನವೇ ಪಿ0135, ಅಂದರೆ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್. ಸೆನ್ಸರ್ ತರಿಸೋಣ ಅಂತ ಫೋನ್ ಕೈಗೆತ್ತಿಕೊಂಡಿದ್ದೆ. ಯಾಕೋ ಬಾನೆಟ್ ಎತ್ತಿದರೆ ಎಂಜಿನ್ ಮೇಲೆ ಒಂದು ಹಿಡಿ ಶೇಂಗಾ ಸಿಪ್ಪೆ! ಇಲಿರಾಯ ಊಟ ಮುಗಿಸಿ ಬಾಯಿ ರುಚಿಗೆ ವೈರ್ ಕಡಿದಿದ್ದ. ಎರಡು ಇಂಚು ವೈರ್, ಒಂದಿಷ್ಟು ಟೇಪು, ಕೆಲಸ ಮುಗಿಯಿತು.

ಒಂದು ಮಾತು ನಮಗೂ ಅನ್ವಯಿಸುತ್ತದೆ. ಮೆಕ್ಯಾನಿಕ್ ಒಂದು ಗಂಟೆ ಹುಡುಕಿ ಕ್ಲಾಂಪ್ ಬಿಗಿ ಮಾಡಿದರೆ "ಇಷ್ಟಕ್ಕೆ ಐನೂರು ರೂಪಾಯಾ?" ಅನ್ನುತ್ತೇವೆ. ಪಾರ್ಟ್ ಹಾಕಿ ಆರು ಸಾವಿರ ಕೇಳಿದರೆ ಸುಮ್ನೆ ಕೊಡುತ್ತೇವೆ. ಹುಡುಕಿದ್ದಕ್ಕೆ ದುಡ್ಡು ಕೊಡುತ್ತೇನೆ ಅಂತ ಮೊದಲೇ ಹೇಳಿಬಿಡಿ. ರಿಪೇರಿ ಆದ ಮೇಲೆ ಕೋಡ್ ಅಳಿಸಿ ಹುಬ್ಬಳ್ಳಿಗೆ ಎರಡು ಸಲ ಹೋಗಿ ಬನ್ನಿ, ಟ್ರಿಮ್ ಸೊನ್ನೆಯ ಹತ್ತಿರ ಬಂದಿದೆಯಾ ನೋಡಿ. ಬಿಚ್ಚಿದ ಹಳೆ ಸೆನ್ಸರ್ ವಾಪಸ್ ಕೇಳಿ ಇಟ್ಟುಕೊಳ್ಳಿ. ಅದು ಇನ್ನೂ ಚೆನ್ನಾಗೇ ಇರಬಹುದು.

ಪ್ರಶ್ನೆ: ನಾಲ್ಕು ಸಿಲಿಂಡರ್ ಪೆಟ್ರೋಲ್ ಗಾಡಿ. ಏರು ಹತ್ತುವಾಗ ಜರ್ಕ್ ಹೊಡೆದು ಎಂಜಿನ್ ಲೈಟ್ ಮಿಣುಕುತ್ತದೆ. ಕೋಡ್ ಪಿ0302. ಧಾರವಾಡದಿಂದ ಹುಬ್ಬಳ್ಳಿ ಗ್ಯಾರೇಜಿನ ತನಕ ಓಡಿಸಬಹುದಾ? ನಾಲ್ಕೂ ಕಾಯಿಲ್ ಬದಲಿಸಬೇಕಾ?
– ಧಾರವಾಡದ ಓದುಗರು

ಉತ್ತರ: ಒಂದೇ ಸಮ ಹತ್ತಿರುವ ಲೈಟ್ ಒಂದೆರಡು ದಿನ ಕಾಯುತ್ತದೆ, ಮಿಣುಕುವುದು ಕಾಯುವುದಿಲ್ಲ. ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಮಿಸ್ಸಿಂಗ್ ಆದಾಗ ಆ ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಒಳಗಿನ ಜೇನುಗೂಡಿನಂಥ ಜಾಲರಿ ಕರಗಿಯೇ ಹೋಗಬಹುದು. ಇಪ್ಪತ್ತು ಕಿ.ಮೀ. ಓಡಿಸಬೇಡಿ, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ. ಪಿ0302 ಅಂದರೆ ಎರಡನೇ ಸಿಲಿಂಡರ್ ಮಿಸ್ಸಿಂಗ್. ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಒಂದೊಂದು ಸಿಲಿಂಡರಿಗೂ ಬೇರೆ ಇದ್ದರೆ ಎರಡನೆಯದನ್ನು ಮೂರಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ, ಕೋಡ್ ಅಳಿಸಿ ಸ್ಟಾರ್ಟ್ ಮಾಡಿಸಿ. ಈಗ ಪಿ0303 ಬಂದರೆ ಆ ಒಂದು ಕಾಯಿಲ್ ಕೆಟ್ಟಿದೆ, ಅದೊಂದನ್ನೇ ಬದಲಿಸಿ. ಪಿ0302 ಅಲ್ಲೇ ನಿಂತರೆ ಪ್ಲಗ್ಗನ್ನೂ ಹೀಗೇ ಅದಲುಬದಲು ಮಾಡಿ, ಆಮೇಲೆ ಇಂಜೆಕ್ಟರು, ಕಂಪ್ರೆಷನ್.

ಪ್ರಶ್ನೆ: ಬ್ಯಾಟರಿ ಟರ್ಮಿನಲ್ ಹತ್ತು ನಿಮಿಷ ಬಿಚ್ಚಿಟ್ಟರೆ ಲೈಟ್ ಹೋಗುತ್ತದೆ ಅನ್ನುತ್ತಾರೆ. ನಿಜವಾ?
– ಹಾವೇರಿಯ ಓದುಗರು

ಉತ್ತರ: ಎಷ್ಟೋ ಗಾಡಿಗಳಲ್ಲಿ ಹೋಗುತ್ತದೆ, ಕೆಲ ದಿನಕ್ಕೆ ವಾಪಸ್ ಬರುತ್ತದೆ. ತೊಂದರೆ ಬಂದ ಕ್ಷಣದಲ್ಲಿ ಎಂಜಿನ್ ಬಿಸಿ ಎಷ್ಟಿತ್ತು, ವೇಗ ಎಷ್ಟು, ಆರ್‌ಪಿಎಂ ಎಷ್ಟು ಅಂತ ಕಂಪ್ಯೂಟರ್ ಫ್ರೀಜ್ ಫ್ರೇಮ್‌ನಲ್ಲಿ ಬರೆದಿಟ್ಟಿರುತ್ತದೆ. ಟರ್ಮಿನಲ್ ಬಿಚ್ಚಿದರೆ ಅದೂ ಅಳಿಸಿ ಹೋಗುತ್ತದೆ. ಬಿಚ್ಚುವ ಮೊದಲು ಸ್ಕ್ಯಾನರ್ ಹಚ್ಚಿಸಿ, ಪರದೆಯ ಫೋಟೋ ತೆಗೆದುಕೊಳ್ಳಿ.