ಗಾಡಿ ಪ್ರಶ್ನೋತ್ತರ: ಬ್ಯಾಟರಿ ಇಳಿದ ಮಾತ್ರಕ್ಕೆ ಎಸೆಯಬೇಡಿ

ಪ್ರಶ್ನೆ: ನನ್ನದು 350 ಸಿಸಿ ಬೈಕ್. ಮೂರು ವರ್ಷ ಆಗಿದೆ, ಕಿಕ್ಕರ್ ಇಲ್ಲ. ಸಂಜೆ ಕಿಲ್ ಸ್ವಿಚ್ ಒತ್ತಿ ಎಂಜಿನ್ ನಿಲ್ಲಿಸಿದವನು ಕೀ ತಿರುಗಿಸುವುದನ್ನೇ ಮರೆತೆ. ಬೆಳಿಗ್ಗೆ ಮೀಟರ್‌ನಲ್ಲಿ ಒಂದು ದೀಪವೂ ಇಲ್ಲ. ಬ್ಯಾಟರಿ ಹೋಯಿತು, ಹೊಸದು ಹಾಕಿಸಿ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ನಿಜಕ್ಕೂ ಹೋಗಿರುತ್ತದೆಯೇ? ತಳ್ಳಿ ಸ್ಟಾರ್ಟ್ ಮಾಡಬಹುದೇ? (ತುಮಕೂರಿನ ಓದುಗರು)

ಉತ್ತರ: ಒಂದು ರಾತ್ರಿ ಇಳಿದ ಬ್ಯಾಟರಿ ಬಹುಪಾಲು ಸಲ ಬದುಕಿರುತ್ತದೆ. ಅದನ್ನು ಕೊಲ್ಲುವುದು ಇಳಿದ ಸ್ಥಿತಿಯಲ್ಲೇ ವಾರಗಟ್ಟಲೆ ಬಿಡುವುದು. ಚಾರ್ಜ್ ಇಳಿದಂತೆ ಒಳಗಿನ ಸೀಸದ ಪ್ಲೇಟ್‌ಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಮತ್ತೆ ಕರಗುತ್ತದೆ. ಹಾಗೇ ಬಿಟ್ಟರೆ ಗಟ್ಟಿ ಹರಳಾಗಿ ಪ್ಲೇಟನ್ನು ಮುಚ್ಚಿಬಿಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪ್ರಯೋಜನವಿಲ್ಲ. ಆದ್ದರಿಂದ ಭಾನುವಾರ ನೋಡೋಣ ಎನ್ನದೆ ಇವತ್ತೇ ಚಾರ್ಜ್‌ಗೆ ಹಾಕಿ.

ಇಷ್ಟು ಬೇಗ ಹೇಗೆ ಇಳಿಯಿತು ಎಂಬ ಲೆಕ್ಕ ಸುಲಭ. ಕಿಲ್ ಸ್ವಿಚ್ ಎಂಜಿನ್ನನ್ನು ಮಾತ್ರ ನಿಲ್ಲಿಸುತ್ತದೆ, ದೀಪಗಳನ್ನಲ್ಲ. 2017ರ ಏಪ್ರಿಲ್‌ನಿಂದ ನಮ್ಮಲ್ಲಿ ತಯಾರಾಗುವ ಬೈಕ್‌ಗಳಿಗೆ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇರುವುದಿಲ್ಲ. ಅನೇಕ ಮಾಡೆಲ್‌ಗಳಲ್ಲಿ ಕೀ ಆನ್ ಇದ್ದರೆ ಸಾಕು, ಹೆಡ್‌ಲೈಟ್ ಉರಿಯುತ್ತಲೇ ಇರುತ್ತದೆ. 55 ವ್ಯಾಟ್‌ನ ಹ್ಯಾಲೊಜನ್ ಬಲ್ಬ್ ಒಂದೇ ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಟೈಲ್ ಲೈಟ್, ಮೀಟರ್ ಸೇರಿ ಐದು ಎಂದುಕೊಳ್ಳಿ. 8 ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತದೆ ಎಂಬ ಅಳತೆ) ಬ್ಯಾಟರಿ ಇದನ್ನು ಒಂದೂಕಾಲು ಗಂಟೆ ತಡೆದರೆ ಹೆಚ್ಚು. ಲೇಬಲ್ ಮೇಲಿನ 8 ಎಎಚ್ ನಿಧಾನವಾಗಿ, ಹತ್ತು ಗಂಟೆಯಲ್ಲಿ ಖಾಲಿ ಮಾಡಿದಾಗಿನ ಲೆಕ್ಕ. ಜೋರಾಗಿ ಎಳೆದರೆ ಅಷ್ಟು ಸಿಗುವುದಿಲ್ಲ. ಪಾರ್ಕಿಂಗ್ ಲೈಟ್ ಮಾತ್ರ ಉಳಿದಿದ್ದರೂ 5 ವ್ಯಾಟ್‌ನ ಎರಡು ಬಲ್ಬ್ ಸೇರಿ ಬೆಳಗಾಗುವುದರೊಳಗೆ ಅಷ್ಟೇ ಕೆಲಸ ಮಾಡುತ್ತವೆ.

ತಳ್ಳುವ ವಿಚಾರ. ಕಾರ್ಬುರೇಟರ್ ಬೈಕ್ ಆದರೆ ಎರಡನೇ ಗೇರ್‌ನಲ್ಲಿ ತಳ್ಳಿ ಕ್ಲಚ್ ಬಿಟ್ಟರೆ ಹೊತ್ತಿಕೊಳ್ಳುವ ಸಾಧ್ಯತೆ ಇದೆ. ನಿಮ್ಮದು ಮೂರು ವರ್ಷದ ಗಾಡಿ, ಅಂದರೆ ಫ್ಯುಯೆಲ್ ಇಂಜೆಕ್ಷನ್. ಪೆಟ್ರೋಲ್ ಪಂಪ್ ಒತ್ತಡ ಕಟ್ಟಬೇಕು, ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಎಚ್ಚರಗೊಳ್ಳಬೇಕು. ಎರಡಕ್ಕೂ ಕರೆಂಟ್ ಬೇಕು. ಮೀಟರ್ ದೀಪವೂ ಬರದಷ್ಟು ಇಳಿದಿದ್ದರೆ ತಳ್ಳಿದ್ದು ವ್ಯರ್ಥ. ಕೀ ಹಾಕಿದಾಗ ಪಂಪಿನ ‘ಝೂಂ’ ಸದ್ದು ಕೇಳಿಸಿ, ಸೆಲ್ಫ್ ಒತ್ತಿದಾಗ ರಿಲೇ ಬರೀ ‘ಟಿಕ್ ಟಿಕ್’ ಎಂದರೆ ಮಾತ್ರ ಪ್ರಯತ್ನಿಸಿ. ಗೇರ್‌ಲೆಸ್ ಸ್ಕೂಟರನ್ನು ತಳ್ಳಿ ಸ್ಟಾರ್ಟ್ ಮಾಡಲು ಆಗುವುದೇ ಇಲ್ಲ.

ತುರ್ತಾಗಿ ಹೊರಡಬೇಕಿದ್ದರೆ ಕಾರಿನ 12 ವೋಲ್ಟ್ ಬ್ಯಾಟರಿಯಿಂದ ಜಂಪ್ ಕೊಡಬಹುದು. ಕಾರಿನ ಎಂಜಿನ್ ಆಫ್ ಇರಲಿ. ಕೆಂಪು ಕೇಬಲ್ ಪ್ಲಸ್‌ನಿಂದ ಪ್ಲಸ್‌ಗೆ. ಕಪ್ಪು ಕೇಬಲಿನ ಒಂದು ತುದಿ ಕಾರಿನ ಮೈನಸ್‌ಗೆ, ಇನ್ನೊಂದು ತುದಿ ಬೈಕ್ ಎಂಜಿನ್ನಿನ ಬಣ್ಣವಿಲ್ಲದ ಬೋಲ್ಟ್‌ಗೆ. ಸ್ಟಾರ್ಟ್ ಆದ ಮೇಲೆ ಹಾಕಿದ್ದರ ತಿರುಗಾಮುರುಗಾ ಕ್ರಮದಲ್ಲಿ ತೆಗೆಯಿರಿ. ಎಂಜಿನ್ ಓಡುತ್ತಿರುವಾಗ ಬೈಕಿನ ಬ್ಯಾಟರಿಯ ಕನೆಕ್ಷನ್ ಮಾತ್ರ ಬಿಚ್ಚಬೇಡಿ. ವೋಲ್ಟೇಜ್ ಒಮ್ಮೆಲೇ ಜಿಗಿದು ಚಾರ್ಜಿಂಗ್ ವೋಲ್ಟೇಜನ್ನು ಹತೋಟಿಯಲ್ಲಿಡುವ ಆರ್‌ಆರ್ (ರೆಗ್ಯುಲೇಟರ್-ರೆಕ್ಟಿಫೈಯರ್) ಯೂನಿಟ್ಟೋ ಇಸಿಯುವೋ ಸುಟ್ಟರೆ, ಹತ್ತು ಬ್ಯಾಟರಿಗಿಂತ ದೊಡ್ಡ ಖರ್ಚು.

ಹೀಗೆ ಹೊರಟ ಗಾಡಿ ಓಡಿ ಓಡಿ ತಾನೇ ಚಾರ್ಜ್ ಆಗುತ್ತದೆ ಎಂದು ನಂಬಬೇಡಿ. ಐಡ್ಲಿಂಗ್‌ನಲ್ಲಿ ಮ್ಯಾಗ್ನೆಟ್ ಕಾಯಿಲ್ (ಎಂಜಿನ್ ತಿರುಗಿದಂತೆ ಕರೆಂಟ್ ಹುಟ್ಟಿಸುವ ಚಾರ್ಜಿಂಗ್ ಕಾಯಿಲ್) ಕೊಡುವ ಕರೆಂಟ್ ಹೆಡ್‌ಲೈಟಿಗೇ ಸರಿಹೋಗುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಅರ್ಧ ಗಂಟೆ ಓಡಿಸಿದರೆ ಬ್ಯಾಟರಿ ಅರೆಹೊಟ್ಟೆಯಲ್ಲೇ ಉಳಿಯುತ್ತದೆ, ಅದೇ ಸಲ್ಫೇಟ್ ಮತ್ತೆ ಗಟ್ಟಿಯಾಗುತ್ತದೆ. ಬ್ಯಾಟರಿ ಬಿಚ್ಚಿ ಹೊರಗಿನ ಚಾರ್ಜರ್‌ಗೆ ಹಾಕುವುದೇ ಸರಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಇಲ್ಲದಿದ್ದರೆ ಪ್ಲಸ್ ಮೇಲಿರುವ ಸ್ಪ್ಯಾನರ್ ಚಾಸಿಗೆ ತಗುಲಿ ಶಾರ್ಟ್ ಆಗುತ್ತದೆ.

ಚಾರ್ಜಿಂಗ್ ಕರೆಂಟ್ ಎಎಚ್‌ನ ಹತ್ತನೇ ಒಂದು ಭಾಗ ಇರಲಿ: 8 ಎಎಚ್‌ಗೆ 0.8 ಆಂಪಿಯರ್, ಹತ್ತರಿಂದ ಹನ್ನೆರಡು ಗಂಟೆ, ವೋಲ್ಟೇಜ್ 14.4 ಮೀರದಂತೆ. ಕಾರ್ ಚಾರ್ಜರ್ ಅಥವಾ ಮನೆಯ ಇನ್ವರ್ಟರ್‌ಗೆ ಸಿಕ್ಕಿಸಿದರೆ ಸಣ್ಣ ಬ್ಯಾಟರಿ ಬಿಸಿಯಾಗಿ ಉಬ್ಬುತ್ತದೆ. ತೀರಾ ಇಳಿದ ಬ್ಯಾಟರಿಯನ್ನು ಕೆಲವು ಆಟೊಮ್ಯಾಟಿಕ್ ಚಾರ್ಜರ್‌ಗಳು ಗುರುತಿಸುವುದೇ ಇಲ್ಲ. ಅದನ್ನು ನೋಡಿಯೇ ಬ್ಯಾಟರಿ ಸತ್ತಿದೆ ಎಂದುಬಿಡುವವರು ಬಹಳ. ಬ್ಯಾಟರಿ ಅಂಗಡಿಯಲ್ಲಿ ಕೈಯಿಂದ ಕರೆಂಟ್ ಹೊಂದಿಸುವ ಚಾರ್ಜರ್ ಇರುತ್ತದೆ. ‘ಸ್ಲೋ ಚಾರ್ಜ್’ ಎಂದು ಕೇಳಿ, ರಾತ್ರಿಯಿಡೀ ಅಲ್ಲೇ ಬಿಡಿ.

ತೀರ್ಪು ಆಮೇಲೆ. ಚಾರ್ಜರ್ ತೆಗೆದು ಕನಿಷ್ಠ ಐದಾರು ಗಂಟೆ ಬಿಟ್ಟು, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇಡಿ. 12.7 ವೋಲ್ಟ್ ಅಥವಾ ಹೆಚ್ಚು ಬಂದರೆ ಒಳ್ಳೆಯದು. 12.4ರ ಕೆಳಗಿದ್ದರೆ ಅನುಮಾನ. ಪೂರ್ತಿ ಚಾರ್ಜ್ ಆದ ಮೇಲೂ 10.5ರ ಆಸುಪಾಸಿಗೆ ಬಂದು ನಿಂತರೆ ವಾದವೇ ಬೇಡ: ಒಳಗಿರುವ ಆರು ಸೆಲ್‌ಗಳು ತಲಾ 2.1 ವೋಲ್ಟ್‌ನವು, ಒಂದು ಸೆಲ್ ಶಾರ್ಟ್ ಆಗಿದೆ. ವೋಲ್ಟೇಜ್ ಸರಿ ಇದ್ದರೆ ಗಾಡಿಗೆ ಹಾಕಿ, ಸೆಲ್ಫ್ ಒತ್ತುತ್ತಾ ಮಲ್ಟಿಮೀಟರ್ ನೋಡಿ. 9.5ಕ್ಕಿಂತ ಕೆಳಗೆ ಜಾರದಿದ್ದರೆ ಬ್ಯಾಟರಿ ಗಟ್ಟಿ ಇದೆ. 7, 8ಕ್ಕೆ ಕುಸಿದರೆ ಮಾತ್ರ ಹೊಸದಕ್ಕೆ ಹಣ ಹೊಂದಿಸಿ.

ಪ್ರಶ್ನೆ: ನನ್ನ ಬೈಕಿನ ಹಳೆಯ ಬ್ಯಾಟರಿ ನಿಜಕ್ಕೂ ಮುಗಿದಿದೆ. ಅಂಗಡಿಯವರು ಹೆಚ್ಚು ಎಎಚ್‌ನದ್ದು ಹಾಕಿಸಿ ಎನ್ನುತ್ತಾರೆ, ಗೆಳೆಯರು ಲಿಥಿಯಂ ಎನ್ನುತ್ತಾರೆ. ಯಾವುದನ್ನು ನಂಬಿ ತಗೊಳ್ಳಲಿ? (ಬೆಂಗಳೂರಿನ ಓದುಗರು)

ಉತ್ತರ: ಕೊಳ್ಳುವ ಮುಂಚೆ ಒಂದು ಪರೀಕ್ಷೆ. ಚೆನ್ನಾಗಿರುವ ಬ್ಯಾಟರಿಯನ್ನು ಕೇಳಿ ತಂದಾದರೂ ಸಿಕ್ಕಿಸಿ, ಎಂಜಿನ್ನನ್ನು 4,000 ಆರ್‌ಪಿಎಂಗೆ ಏರಿಸಿ, ಬ್ಯಾಟರಿ ತುದಿಗಳಲ್ಲಿ ವೋಲ್ಟೇಜ್ ಅಳೆಯಿರಿ. 13.5ರಿಂದ 14.5ರೊಳಗೆ ಇರಬೇಕು. 13 ದಾಟದಿದ್ದರೆ ಚಾರ್ಜಿಂಗ್ ಕಾಯಿಲ್, ಆರ್‌ಆರ್ ಯೂನಿಟ್ ಅಥವಾ ಅವುಗಳ ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಗ್) ನೋಡಿಸಿ. ಕಪ್ಲರ್ ಕಪ್ಪಗೆ ಸುಟ್ಟಿರುವುದು ತುಂಬಾ ಸಾಮಾನ್ಯ. 15 ದಾಟಿದರೆ ಆರ್‌ಆರ್ ಯೂನಿಟ್ ಹೋಗಿದೆ. ಇದನ್ನು ಸರಿಪಡಿಸದೆ ಹಾಕಿದ ಹೊಸ ಬ್ಯಾಟರಿಯೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಇನ್ನು ಆಯ್ಕೆ. ಹಳೆಯ ಬ್ಯಾಟರಿಯನ್ನೇ ಕೈಯಲ್ಲಿ ಹಿಡಿದು ಹೋಗಿ. ಅಷ್ಟೇ ಎಎಚ್, ಅದೇ ಉದ್ದ ಅಗಲ ಎತ್ತರ, ಪ್ಲಸ್ ಅದೇ ಬದಿಯಲ್ಲಿ. ಒಂದೇ ಅಳತೆಯಲ್ಲಿ ಪ್ಲಸ್ ಎಡಕ್ಕೂ ಬಲಕ್ಕೂ ಇರುವ ಎರಡು ಬಗೆ ಸಿಗುತ್ತವೆ. ತಪ್ಪಿದ್ದು ತಂದರೆ ವೈರ್ ಎಟುಕದೆ ಎಳೆದು ಕಟ್ಟುತ್ತಾರೆ, ಆಮೇಲೆ ಅದು ಉಜ್ಜಿ ಶಾರ್ಟ್ ಆಗುತ್ತದೆ. ಹೆಚ್ಚು ಎಎಚ್ ಬೇಡ. ಎತ್ತರದ ಬ್ಯಾಟರಿಯ ಪ್ಲಸ್ ತುದಿ ಸೀಟಿನ ತಗಡಿಗೆ ತಾಗುವ ಅಪಾಯವಿದೆ. ಎಷ್ಟು ದೊಡ್ಡದಾದರೂ ನಿಮ್ಮ ಕಾಯಿಲ್ ದಿನಕ್ಕೆ ತುಂಬಿಸುವುದು ಅಷ್ಟನ್ನೇ.

ಎಕ್ಸೈಡ್, ಅಮರಾನ್, ಎಸ್‌ಎಫ್ ಸೋನಿಕ್: ಇವುಗಳಲ್ಲಿ ಯಾವುದಾದರೂ ಆದೀತು. ನಮ್ಮ ಅಭಿಪ್ರಾಯದಲ್ಲಿ ಹೆಸರಿಗಿಂತ ಹೆಚ್ಚಿನದು ತಯಾರಾದ ತಿಂಗಳು. ಕಪಾಟಿನಲ್ಲಿ ಕೂತಲ್ಲೇ ಬ್ಯಾಟರಿ ಇಳಿಯುತ್ತಿರುತ್ತದೆ, ಬಿಸಿಲಿನ ಊರಲ್ಲಿ ಇನ್ನೂ ಬೇಗ. ಮೂರು ತಿಂಗಳೊಳಗಿನದು ಕೇಳಿ, ಆರು ತಿಂಗಳು ದಾಟಿದ್ದು ಬೇಡವೇ ಬೇಡ. ಅಂಗಡಿಯಲ್ಲೇ ಮೀಟರ್ ಹಿಡಿಸಿ, 12.6ಕ್ಕಿಂತ ಕಡಿಮೆ ತೋರಿಸಿದರೆ ಬೇರೆ ಪೆಟ್ಟಿಗೆ ಒಡೆಯಲು ಹೇಳಿ. ಮುಜುಗರ ಬೇಡ, ಹಣ ನಿಮ್ಮದು.

ಆಸಿಡ್ ಬೇರೆ ಬಾಟಲಿಯಲ್ಲಿ ಬರುವ ಬ್ಯಾಟರಿ ಆದರೆ ಇನ್ನೊಂದು ಎಚ್ಚರ. ಆಸಿಡ್ ತುಂಬಿ ಹತ್ತೇ ನಿಮಿಷಕ್ಕೆ ಗಾಡಿಗೆ ಹಾಕಿ ಕಳಿಸುವ ಅಂಗಡಿಗಳಿವೆ. ಸೆಲ್ಫ್ ಹೊಡೆಯುತ್ತದೆ, ನೀವೂ ಖುಷಿಯಾಗಿ ಹೋಗುತ್ತೀರಿ. ಆದರೆ ಮೊದಲ ಚಾರ್ಜ್ ಪೂರ್ತಿ ಆಗದ ಬ್ಯಾಟರಿ ತನ್ನ ಪೂರ್ಣ ಸಾಮರ್ಥ್ಯಕ್ಕೆ ಎಂದೂ ಬರುವುದಿಲ್ಲ. ಆಸಿಡ್ ತುಂಬಿದ ಮೇಲೆ ಅರ್ಧ ಗಂಟೆ ಬಿಟ್ಟು, ಎಎಚ್‌ನ ಹತ್ತನೇ ಒಂದು ಭಾಗದ ಕರೆಂಟ್‌ನಲ್ಲಿ ಮೂರರಿಂದ ಐದು ಗಂಟೆ ಚಾರ್ಜ್ ಮಾಡಿಸಿ. ಬೆಳಿಗ್ಗೆ ಕೊಟ್ಟು ಸಂಜೆ ಒಯ್ಯಿರಿ.

ವಾರಂಟಿ ಕಾರ್ಡಿನಲ್ಲಿ ತಿಂಗಳುಗಳು ಎರಡು ಭಾಗವಾಗಿರುತ್ತವೆ. ಮೊದಲ ಭಾಗದಲ್ಲಿ ಕೆಟ್ಟರೆ ಪುಕ್ಕಟೆ ಬದಲಿ. ಎರಡನೆಯದರಲ್ಲಿ ಹೊಸ ಬ್ಯಾಟರಿಯ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ, ಅಷ್ಟೇ. ಹೋಲಿಸುವಾಗ ಮೊದಲ ಸಂಖ್ಯೆಯನ್ನೇ ನೋಡಿ. ಸೀರಿಯಲ್ ನಂಬರ್, ತಾರೀಖು, ಸೀಲು ಕಾರ್ಡ್ ಮೇಲೆ ಬಿದ್ದಿರಲಿ. ಹಳೆಯ ಬ್ಯಾಟರಿಯನ್ನು ಅದೇ ಅಂಗಡಿಗೆ ಕೊಡಿ. ಸೀಸಕ್ಕೆ ಬೆಲೆ ಇದೆ, ಬಿಲ್ಲಿನಲ್ಲಿ ಕಡಿಮೆ ಮಾಡುತ್ತಾರೆ. ತಿಪ್ಪೆಗೆ ಬಿದ್ದರೆ ಸೀಸ, ಆಸಿಡ್ ಎರಡೂ ಮಣ್ಣು ನೀರು ಸೇರುತ್ತವೆ.

ಲಿಥಿಯಂ ಬ್ಯಾಟರಿ ಹಗುರ, ನಿಜ. ಆದರೆ ಬೆಲೆ ಹಲವು ಪಟ್ಟು, ಚಾರ್ಜರ್ ಬೇರೆಯೇ ಬೇಕು, ಆರ್‌ಆರ್ ಯೂನಿಟ್ ಸ್ವಲ್ಪ ಹೆಚ್ಚು ವೋಲ್ಟೇಜ್ ಬಿಟ್ಟರೂ ಹಾಳು. ಆಫೀಸಿಗೆ ಹೋಗಿಬರುವ ಗಾಡಿಗೆ ಅದರ ಅಗತ್ಯ ನಮಗೆ ಕಾಣುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಬೈಕ್ ತಿಂಗಳುಗಟ್ಟಲೆ ನಿಲ್ಲುತ್ತದೆ. ಕೀ ಆಫ್ ಇದ್ದರೂ ಪ್ರತಿವರ್ಷ ಬ್ಯಾಟರಿ ಖಾಲಿ. ಕಳವಿನ ಭಯಕ್ಕೆ ಜಿಪಿಎಸ್ ಹಾಕಿಸಿದ್ದೇನೆ. (ಶಿರಸಿಯ ಓದುಗರು)

ಉತ್ತರ: ಅನುಮಾನ ಆ ಜಿಪಿಎಸ್ ಮೇಲೆಯೇ. ಅದು 20 ಮಿಲಿಆಂಪಿಯರ್ ಎಳೆದರೂ ದಿನಕ್ಕೆ ಅರ್ಧ ಎಎಚ್ ಆಯಿತು; 8 ಎಎಚ್ ಬ್ಯಾಟರಿ ಎಂಟು ದಿನಕ್ಕೆ ಅರ್ಧಕ್ಕಿಳಿಯುತ್ತದೆ. ಖಚಿತ ಮಾಡಿಕೊಳ್ಳಲು ಕೀ ಆಫ್ ಮಾಡಿ, ಮೈನಸ್ ವೈರ್ ಬಿಚ್ಚಿ, ಆ ವೈರ್ ಮತ್ತು ಬ್ಯಾಟರಿ ತುದಿಯ ನಡುವೆ ಮಲ್ಟಿಮೀಟರನ್ನು ಆಂಪಿಯರ್‌ನಲ್ಲಿ ಇಡಿ. ಮೊದಲು 10 ಆಂಪಿಯರ್ ರೇಂಜ್, ಆಮೇಲೆ ಮಿಲಿಆಂಪಿಯರ್. ಮೀಟರ್ ಹೀಗೆ ಇರುವಾಗ ಕೀ ತಿರುಗಿಸಬೇಡಿ, ಅದರ ಫ್ಯೂಸ್ ಹಾರುತ್ತದೆ. ಒಂದೆರಡು ಮಿಲಿಆಂಪಿಯರ್ ಗಡಿಯಾರಕ್ಕೂ ಇಸಿಯುಗೂ ಸಹಜ. ಹತ್ತಿಪ್ಪತ್ತು ಕಂಡರೆ ಜಿಪಿಎಸ್ ಫ್ಯೂಸ್ ತೆಗೆದು ಮತ್ತೆ ಅಳೆಯಿರಿ.

ಜೂನ್‌ನಲ್ಲಿ ಗಾಡಿ ನಿಲ್ಲಿಸುವ ಮುನ್ನ ಬ್ಯಾಟರಿಗೆ ಪೂರ್ತಿ ಚಾರ್ಜ್ ಕೊಟ್ಟು, ಬಿಚ್ಚಿ, ಒಣ ಜಾಗದಲ್ಲಿಡಿ. ತಿಂಗಳಿಗೊಮ್ಮೆ ಮೀಟರ್ ಹಿಡಿದು 12.5ಕ್ಕೆ ಬಂದಿದ್ದರೆ ಮತ್ತೆ ಚಾರ್ಜ್. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು ನಷ್ಟವೇ, ಸೆಲ್ಫ್ ಎಳೆದಷ್ಟು ಕರೆಂಟ್ ಅಷ್ಟರಲ್ಲಿ ವಾಪಸ್ ಬರುವುದಿಲ್ಲ.

ಪ್ರಶ್ನೆ: ನೀರು ಹಾಕುವ ಹಳೆಯ ಬಗೆಯ ಬ್ಯಾಟರಿಗೆ ಬೇಸಿಗೆಯಲ್ಲಿ ಆಸಿಡ್ ಸೇರಿಸಬಹುದೇ? (ಕಲಬುರಗಿಯ ಓದುಗರು)

ಉತ್ತರ: ಬೇಡ. ಆವಿಯಾಗುವುದು ನೀರು, ಆಸಿಡ್ ಒಳಗೇ ಇರುತ್ತದೆ. ಮತ್ತೆ ಆಸಿಡ್ ಸುರಿದರೆ ತೀಕ್ಷ್ಣತೆ ಏರಿ ಪ್ಲೇಟ್ ತಿನ್ನುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ, ಮೇಲಿನ ಮತ್ತು ಕೆಳಗಿನ ಗೆರೆಗಳ ನಡುವೆ. ಬೋರ್ ನೀರು, ಕ್ಯಾನ್ ನೀರು ಸಲ್ಲದು. ನಿಮ್ಮ ಕಡೆಯ ಬಿಸಿಲಿಗೆ ಮಾರ್ಚ್‌ನಿಂದ ಜೂನ್‌ವರೆಗೆ ಹದಿನೈದು ದಿನಕ್ಕೊಮ್ಮೆ ನೋಡಿ. ಪಕ್ಕದಿಂದ ಇಳಿಯುವ ಸಣ್ಣ ಗಾಳಿಕೊಳವೆ ಮಡಚಿಕೊಂಡಿಲ್ಲವೇ, ಅದರ ತುದಿ ಚೈನ್ ಮೇಲೆ ಬೀಳುತ್ತಿಲ್ಲವೇ ಎಂಬುದನ್ನೂ ನೋಡಿಕೊಳ್ಳಿ.